192 ಬಿಟ್ ಬಿಟ್ಟು 128 ಬಿಟ್‌ಗೆ ಹೋಗಬಹುದಾ?

ಕೇಳಿದವರು: ಈಗ ಆರ್‌ಟಿಎಕ್ಸ್ 3060 (12 ಜಿಬಿ) ಗ್ರಾಫಿಕ್ಸ್ ಕಾರ್ಡ್ ಇದೆ. 4060 ಟಿಐ 16 ಜಿಬಿ ತಗೊಳ್ಳೋಣ ಅಂತ. ಆದ್ರೆ ಹಳೇದಕ್ಕೆ 192 ಬಿಟ್ ಮೆಮೊರಿ ಬಸ್ (ಚಿಪ್ಪಿಗೂ ಮೆಮೊರಿಗೂ ನಡುವೆ ಡೇಟಾ ಓಡಾಡೋ ದಾರಿ), ಹೊಸದಕ್ಕೆ ಬರೀ 128. ದುಡ್ಡು ಜಾಸ್ತಿ ಕೊಟ್ಟು ಕಮ್ಮಿ ಮಾಲು ತಂದಂಗೆ ಆಗುತ್ತಾ? 1440ಪಿ ಗೇಮು, ಜೊತೆಗೆ ಮನೇಲೇ ಭಾಷಾ ಮಾಡೆಲ್ (ಚಾಟ್ ಮಾಡೋ ಎಐ) ಓಡಿಸ್ತೀನಿ. ಮದರ್‌ಬೋರ್ಡ್‌ನಲ್ಲಿ ಕಾರ್ಡ್ ಕೂರಿಸೋ ಸ್ಲಾಟ್ ಪಿಸಿಐಇ 3.0. ಬಲ್ಲವರು ಹೇಳಿ.

ಚಿಪ್ ಡಿಸೈನ್‌ನವರು: ಬಸ್ ಅಗಲ ಒಂದನ್ನೇ ಹಿಡಿದು ತೂಗಬೇಡಿ. ಅಗಲವನ್ನು ಪಿನ್ ವೇಗದಿಂದ (ಒಂದು ಪಿನ್ ಸೆಕೆಂಡಿಗೆ ಸಾಗಿಸೋ ಗಿಗಾಬಿಟ್) ಗುಣಿಸಿ 8ರಿಂದ ಭಾಗಿಸಿ, ಆಗ ಬ್ಯಾಂಡ್‌ವಿಡ್ತ್, ಅಂದ್ರೆ ಸೆಕೆಂಡಿಗೆ ಒಟ್ಟು ಸಾಗೋ ಡೇಟಾ ಸಿಗುತ್ತೆ. 3060ಗೆ 192 × 15 ÷ 8 = ಸೆಕೆಂಡಿಗೆ 360 ಜಿಬಿ. 4060 ಟಿಐಗೆ 128 × 18 ÷ 8 = 288. ಕಮ್ಮಿಯೇ, ಸುಳ್ಳಲ್ಲ. ಅದನ್ನು ತುಂಬಿಸೋಕೆ ಎಲ್2 ಕ್ಯಾಶೆಯನ್ನು (ಚಿಪ್ ಒಳಗಿನ ಪುಟ್ಟ, ವೇಗದ ಮೆಮೊರಿ) 3 ಎಂಬಿಯಿಂದ 32 ಎಂಬಿಗೆ ಏರಿಸಿದ್ದಾರೆ. ಬೇಕಾದ ಡೇಟಾ ಕ್ಯಾಶೆಯಲ್ಲೇ ಸಿಕ್ಕರೆ ಮೆಮೊರಿ ತನಕ ಹೋಗೋದೇ ಬೇಡ. 1080ಪಿಯಲ್ಲಿ ಈ ಲೆಕ್ಕ ಚೆನ್ನಾಗಿ ಕೂರುತ್ತೆ. ರೆಸಲ್ಯೂಶನ್ ಏರಿದಂತೆ ಕ್ಯಾಶೆಯಲ್ಲಿ ಸಿಗೋದು ಕಮ್ಮಿಯಾಗಿ, 4ಕೆಯಲ್ಲಿ ಬಣ್ಣ ಬಯಲಾಗುತ್ತೆ.

ಬಸ್ ಯಾಕೆ ಕತ್ತರಿಸ್ತಾರೆ ಅಂದ್ರೆ, ಒಂದೊಂದು ಜಿಡಿಡಿಆರ್6 ಮೆಮೊರಿ ಚಿಪ್ಪಿಗೆ 32 ಬಿಟ್ ಬೇಕು. 128 ಬಿಟ್ ಅಂದ್ರೆ 4 ಚಿಪ್, 192ಕ್ಕೆ 6, 256ಕ್ಕೆ 8. ಇವಕ್ಕೆ ಸಿಗ್ನಲ್ ಕಳಿಸೋ ಸರ್ಕ್ಯೂಟ್ ಸಿಲಿಕಾನ್‌ನ ಅಂಚಿನಲ್ಲೇ ಕೂರಬೇಕು. ಹೊಸ ಪ್ರೊಸೆಸ್‌ನಲ್ಲಿ ಲಾಜಿಕ್ ಕುಗ್ಗಿದ ಹಾಗೆ ಈ ಭಾಗ ಕುಗ್ಗಲ್ಲ. 4060 ಟಿಐ ಡೈ (ಗ್ರಾಫಿಕ್ಸ್ ಚಿಪ್ಪಿನ ಸಿಲಿಕಾನ್ ತುಂಡು) ಸುಮಾರು 188 ಚದರ ಮಿಮೀ. ಅಷ್ಟು ಚಿಕ್ಕದರ ಅಂಚಿಗೆ 256 ಬಿಟ್ ತುರುಕೋಕೆ ಹೋದ್ರೆ, ಬರೀ ಅಂಚಿಗಾಗಿ ಡೈ ದೊಡ್ಡದು ಮಾಡಬೇಕಾಗುತ್ತೆ. ಅದರ ಮೇಲೆ ಚಿಪ್ ಜಾಸ್ತಿ, ಉದ್ದ ಸರಿಹೊಂದಿಸಬೇಕಾದ ಟ್ರೇಸ್ (ಬೋರ್ಡ್‌ನ ತಾಮ್ರದ ಗೆರೆ) ಜಾಸ್ತಿ, ಬೋರ್ಡ್‌ಗೆ ಪದರ ಜಾಸ್ತಿ, ವಿದ್ಯುತ್ತೂ ಜಾಸ್ತಿ.

ಇದೇನು ಹೊಸ ಕಥೆಯಲ್ಲ. 2007ರಲ್ಲಿ ರೇಡಿಯಾನ್ ಎಚ್‌ಡಿ 2900 ಎಕ್ಸ್‌ಟಿಗೆ 512 ಬಿಟ್ ಬಸ್ ಇತ್ತು, ಡೈ ಸುಮಾರು 420 ಚದರ ಮಿಮೀ. ಅದೇ ವರ್ಷ ಬಂದ ಎಚ್‌ಡಿ 3870ಗೆ 256 ಬಿಟ್ ಸಾಕಾಯ್ತು, ಡೈ 192ಕ್ಕೆ ಇಳೀತು. ಓಟ ಹೆಚ್ಚುಕಮ್ಮಿ ಸಮ! ಅಷ್ಟು ಬ್ಯಾಂಡ್‌ವಿಡ್ತ್ ನುಂಗೋ ಶಕ್ತಿ ಆ ಜಿಪಿಯುಗೇ ಇರಲಿಲ್ಲ.

ಕಾರ್ಡ್ ರಿಪೇರಿಯವರು: ಬಸ್ ಅಗಲ ಮೆಮೊರಿ ಗಾತ್ರವನ್ನೂ ಕಟ್ಟಿಹಾಕುತ್ತೆ, ಅದನ್ನು ಮರೀಬೇಡಿ. ಜಿಡಿಡಿಆರ್6 ಚಿಪ್ ಒಂದಕ್ಕೆ 2 ಜಿಬಿ, ಹಾಗಾಗಿ 128 ಬಿಟ್‌ಗೆ ಸಹಜವಾಗಿ ಬರೋದು 8 ಜಿಬಿ. 16 ಮಾಡೋಕೆ ಬೋರ್ಡ್ ಹಿಂಭಾಗದಲ್ಲಿ ಇನ್ನೂ 4 ಚಿಪ್ ಕೂರಿಸಿ, 32 ಬಿಟ್ ದಾರಿಯನ್ನು ಮುಂದಿನ ಚಿಪ್ಪಿಗೆ 16, ಹಿಂದಿನದಕ್ಕೆ 16 ಅಂತ ಹಂಚ್ತಾರೆ. ಜಾಗ ದುಪ್ಪಟ್ಟು, ಬ್ಯಾಂಡ್‌ವಿಡ್ತ್ ಅದೇ 288.

ಹಿಂಭಾಗದ ಚಿಪ್ಪಿಗೆ ಗಾಳಿ ತಾಗಲ್ಲ. 4060 ಟಿಐಯಲ್ಲಿ ಶಾಖ ಕಮ್ಮಿ, ತೊಂದರೆ ಇಲ್ಲ. ಆದ್ರೆ ಸೆಕೆಂಡ್ ಹ್ಯಾಂಡ್ 3090 ಕಡೆ ಮನಸ್ಸು ವಾಲಿದ್ರೆ ಹುಷಾರು. ಅದರಲ್ಲಿ 1 ಜಿಬಿಯ 24 ಚಿಪ್, ಅರ್ಧ ಹಿಂದೆ, ಅದೂ ಬಿಸಿಗೆ ಹೆಸರಾದ ಜಿಡಿಡಿಆರ್6ಎಕ್ಸ್. ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರಿನಲ್ಲಿ ಮೆಮೊರಿ ಜಂಕ್ಷನ್ ತಾಪಮಾನ ನೋಡಿ. ಲೋಡ್ ಹಾಕಿದಾಗ 110 ಡಿಗ್ರಿ ಮುಟ್ಟಿದ್ರೆ ಥರ್ಮಲ್ ಪ್ಯಾಡ್ (ಚಿಪ್ಪಿನ ಶಾಖ ಹೊರಗೆ ಸಾಗಿಸೋ ಮೆತ್ತೆ) ಬದಲಿಸೋ ಕೆಲಸ ಬಾಕಿ ಇದೆ ಅಂತ ಅರ್ಥ, ಆ ದುಡ್ಡು ಬೆಲೆಯಲ್ಲಿ ಕಳೀರಿ.

ಮಾಡೆಲ್ ಓಡಿಸುವವರು: ಕ್ಯಾಶೆ ಸಮಾಧಾನ ಗೇಮಿಗೆ ಮಾತ್ರ. ಭಾಷಾ ಮಾಡೆಲ್ ಒಂದೊಂದು ಟೋಕನ್‌ಗೂ (ಪದದ ತುಣುಕಿಗೂ) ಪೂರ್ತಿ ತೂಕಗಳನ್ನು, ಅಂದ್ರೆ ತಾನು ಕಲಿತ ಸಂಖ್ಯೆಗಳಾದ ಪ್ಯಾರಾಮೀಟರ್‌ಗಳನ್ನು, ಮೆಮೊರಿಯಿಂದ ಓದುತ್ತೆ. 5 ಜಿಬಿ ಓದೋ ಕಡೆ 32 ಎಂಬಿ ಕ್ಯಾಶೆ ಯಾವ ಮೂಲೆಗೆ? 800 ಕೋಟಿ ಪ್ಯಾರಾಮೀಟರ್‌ನ 4 ಬಿಟ್ ಮಾಡೆಲ್ (ಒಂದೊಂದು ಪ್ಯಾರಾಮೀಟರ್‌ಗೆ ಹೆಚ್ಚುಕಮ್ಮಿ 4 ಬಿಟ್) ಸುಮಾರು 5 ಜಿಬಿ ಅಂತಿಟ್ಟುಕೊಳ್ಳಿ. 3060ರಲ್ಲಿ 360 ÷ 5, ಸೆಕೆಂಡಿಗೆ ಹೆಚ್ಚೆಂದರೆ 72 ಟೋಕನ್. 4060 ಟಿಐಯಲ್ಲಿ 57. ನಿಜವಾಗಿ ಸಿಗೋದು ಇನ್ನೂ ಕಮ್ಮಿ, ಆದ್ರೆ ಅನುಪಾತ ಹೀಗೇ ಇರುತ್ತೆ. ಉದ್ದದ ಪ್ರಾಂಪ್ಟ್ ಓದೋದ್ರಲ್ಲಿ ಮಾತ್ರ 4060 ಟಿಐ ಮುಂದೆ, ಯಾಕಂದ್ರೆ ಅಲ್ಲಿ ಲೆಕ್ಕ ಮಾಡೋ ಬಲ ಮುಖ್ಯ.

ಆದ್ರೆ 1400 ಕೋಟಿಯ ಮಾಡೆಲ್ 6 ಬಿಟ್‌ನಲ್ಲಿ ಬೇಕಂದ್ರೆ 12 ಜಿಬಿ ಅದಕ್ಕೇ ಹೋಗುತ್ತೆ. 3060ರಲ್ಲಿ ಕೂರದೆ ಉಳಿದದ್ದು ಸಿಸ್ಟಂ ರ‍್ಯಾಮ್‌ಗೆ ಚೆಲ್ಲುತ್ತೆ. ಡಿಡಿಆರ್4-3200 ರ‍್ಯಾಮ್ ಎರಡು ಚಾನೆಲ್‌ಗೆ ಸೆಕೆಂಡಿಗೆ 51.2 ಜಿಬಿ ಮಾತ್ರ, ವೇಗ ನೆಲಕಚ್ಚುತ್ತೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘CUDA ಸಿಸ್‌ಮೆಮ್ ಫಾಲ್‌ಬ್ಯಾಕ್’ (ಹೀಗೆ ಸಿಸ್ಟಂ ರ‍್ಯಾಮ್‌ಗೆ ಚೆಲ್ಲೋ ಸೆಟ್ಟಿಂಗ್) ಆಫ್ ಮಾಡಿಡಿ. ಆಗ ಸದ್ದಿಲ್ಲದೆ ನಿಧಾನವಾಗೋ ಬದಲು ನೇರ ಎರರ್ ಬರುತ್ತೆ.

ಅಸೆಂಬ್ಲಿಯವರು: ನಿಮ್ಮ ಬೋರ್ಡ್ ವಿಚಾರ ಯಾರೂ ಎತ್ತಲಿಲ್ಲ. 3060ಗೆ 16 ಲೇನ್ (ಸ್ಲಾಟಿನ ಡೇಟಾ ದಾರಿ), 4060 ಟಿಐಗೆ 8. ಪಿಸಿಐಇ 3.0ರಲ್ಲಿ 8 ಲೇನ್ ಅಂದ್ರೆ ಸೆಕೆಂಡಿಗೆ ಸುಮಾರು 8 ಜಿಬಿ. ಟೆಕ್ಸ್ಚರ್ ಎಲ್ಲಾ ಕಾರ್ಡಲ್ಲೇ ಕೂತರೆ ವ್ಯತ್ಯಾಸ ಗೊತ್ತೇ ಆಗಲ್ಲ, ಚೆಲ್ಲಿದರೆ ಗೇಮ್ ಜರ್ಕ್ ಹೊಡೆಯುತ್ತೆ. ಅದಕ್ಕೇ ನಿಮಗೆ 8 ಜಿಬಿಯ 4060 ಟಿಐ ಬೇಡವೇ ಬೇಡ.

ಇನ್ನೊಂದು, ಒಂದೇ ಹೆಸರಲ್ಲಿ ಬೇರೆ ಬೇರೆ ಬಸ್ ಮಾರ್ತಾರೆ. 3060ರಲ್ಲೇ 8 ಜಿಬಿಯದಕ್ಕೆ 128 ಬಿಟ್, ಸೆಕೆಂಡಿಗೆ 240 ಜಿಬಿ. 3050ರ 6 ಜಿಬಿಯದಕ್ಕೆ 96 ಬಿಟ್, 168. ಡಬ್ಬದ ಮೇಲಿನ ಹೆಸರು ನಂಬದೆ ಜಿಪಿಯು-ಝಡ್ ಸಾಫ್ಟ್‌ವೇರಿನಲ್ಲಿ ಬಸ್ ವಿಡ್ತ್, ಬ್ಯಾಂಡ್‌ವಿಡ್ತ್ ಎರಡೂ ನೋಡಿ. ಲೇನ್ ನೋಡುವಾಗ ಪಕ್ಕದ ಪ್ರಶ್ನಾರ್ಥಕ ಗುಂಡಿ ಒತ್ತಿ ರೆಂಡರ್ ಟೆಸ್ಟ್ ಓಡಿಸಿ, ಸುಮ್ಮನಿದ್ದಾಗ ಕಾರ್ಡ್ ಲಿಂಕ್ ವೇಗ ಇಳಿಸಿಕೊಂಡು ಕೂತಿರುತ್ತೆ.

ನನ್ನ ಕೇಳಿದ್ರೆ 4060 ಟಿಐ ಬಿಡಿ, 5060 ಟಿಐ 16 ಜಿಬಿ ನೋಡಿ. ಬಸ್ ಅದೇ 128, ಲೇನ್ ಅದೇ 8, ಆದ್ರೆ ಜಿಡಿಡಿಆರ್7 ಪಿನ್‌ಗೆ 28 ಗಿಗಾಬಿಟ್ ಓಡೋದ್ರಿಂದ ಸೆಕೆಂಡಿಗೆ 448 ಜಿಬಿ. 256 ಬಿಟ್‌ನ 3060 ಟಿಐಗೂ ಅಷ್ಟೇ ಇತ್ತು.