ಟ್ರೈಮರಾನ್‌ಗೆ ಜಂಕ್ ಹಾಯಿ: ಟ್ಯಾಕ್ ಆಗ್ತಿಲ್ಲ, ಹಾಯಿ ತುಂಬ ಓರೆ ಸುಕ್ಕು

ಚಿಕಾಲಿಮ್ ದಕ್ಕೆ:
18 ಅಡಿ ಟ್ರೈಮರಾನ್ (ನಡುವೆ ಒಡಲು, ಎರಡೂ ಪಕ್ಕಕ್ಕೆ ತೇಲು ಇರುವ ದೋಣಿ), ಒಟ್ಟು ಅಗಲ 3.4 ಮೀಟರ್, ಇಬ್ಬರು ಕೂತರೆ 350 ಕಿಲೋ. ಮೇನ್ (ದೊಡ್ಡ ಹಾಯಿ), ಜಿಬ್ (ಮುಂದಿನ ಸಣ್ಣ ಹಾಯಿ) ಎರಡೂ ತೆಗೆದು 12 ಚದರ ಮೀಟರಿನ ಒಂದೇ ಜಂಕ್ ಹಾಯಿ (ಅಡ್ಡ ಕೋಲುಗಳ ನಡುವೆ ಪ್ಯಾನೆಲ್‌ಗಳಿರುವ ಚೀನೀ ಮಾದರಿ) ಹಾಕಿದೆ. ಬ್ಯಾಟನ್ (ಆ ಅಡ್ಡ ಕೋಲು) 3 ಮೀಟರ್, ಅದರ 12% ಮಾಸ್ಟ್‌ನ (ಹಾಯಿಕಂಬದ) ಮುಂದಿದೆ. ಮಾಸ್ಟ್ ಹಳೆಯ ಜಾಗದಲ್ಲೇ: 6061-ಟಿ6 ಅಲ್ಯೂಮಿನಿಯಂ ಪೈಪ್, ಹೊರವ್ಯಾಸ 100 ಮಿ.ಮೀ., ದಪ್ಪ 3 ಮಿ.ಮೀ. ಸ್ಟೇ (ಮಾಸ್ಟ್ ಹಿಡಿದು ನಿಲ್ಲಿಸುವ ತಂತಿ) ಇಲ್ಲ, ಡೆಕ್‌ನಿಂದ ಒಳಗೆ 50 ಸೆಂ.ಮೀ. ಇಳಿದಿದೆ. ಚುಕ್ಕಾಣಿ ಬಿಟ್ಟರೆ ಮೂತಿ ಗಾಳಿಗೆ ತಿರುಗುತ್ತೆ, ಟ್ಯಾಕ್ ಮಾಡಿದರೆ (ಮೂತಿಯನ್ನು ಗಾಳಿ ದಾಟಿಸಿ ಇನ್ನೊಂದು ಪಕ್ಕಕ್ಕೆ ತಿರುಗಿಸಿದರೆ) ಮಧ್ಯದಲ್ಲೇ ನಿಲ್ಲುತ್ತೆ. ಯಾರ್ಡ್‌ನ (ಹಾಯಿಯ ಮೇಲಂಚಿನ ಕೋಲಿನ) ಮುಂತುದಿಯಿಂದ ಹಿಂದಿನ ಕೆಳಮೂಲೆಗೆ ಸುಕ್ಕು.

ಜುವಾರಿ ಗಾಳಿ:
ಸುಕ್ಕು ಆಮೇಲೆ ನೋಡೋಣ, ಮೊದಲು ಮಾಸ್ಟ್. ಒಂದೇ ಒಡಲಿನ ದೋಣಿ ಗಾಳಿಗೆ ವಾಲಿ ಭಾರ ಇಳಿಸಿಕೊಳ್ಳುತ್ತೆ, ನಿಮ್ಮದು ವಾಲಲ್ಲ, ಪೂರ್ತಿ ಮಾಸ್ಟ್‌ಗೇ ಕೊಡುತ್ತೆ. ಮೇಲ್ಮಿತಿ ಲೆಕ್ಕ (ತೂಕ × ಗುರುತ್ವ × ಅರ್ಧ ಅಗಲ): 350 × 9.81 × 1.7, ಅಂದರೆ ಸುಮಾರು 5,800 ನ್ಯೂಟನ್-ಮೀಟರ್. ನಿಮ್ಮ ಪೈಪ್‌ನ ಸೆಕ್ಷನ್ ಮಾಡ್ಯುಲಸ್ (ಬಾಗದೆ ತಡೆಯುವ ಶಕ್ತಿಯ ಅಳತೆ) 21.5 ಘನ ಸೆಂ.ಮೀ., ಹಾಗಾಗಿ ಒತ್ತಡ 270 ಮೆಗಾಪಾಸ್ಕಲ್. ಈ ಮಿಶ್ರಲೋಹ 240ರ ಆಸುಪಾಸಿನಲ್ಲೇ ಬಾಗಿ ಹಾಗೇ ಉಳಿಯುತ್ತೆ. ನಡುವಿನ ಒಡಲು ನೀರಿನಿಂದ ಏಳುವ ಮೊದಲೇ ಮಾಸ್ಟ್ ಹೋಗುತ್ತೆ. ಎರಡು ಪಟ್ಟು ಸುರಕ್ಷತೆಗೆ 48 ಘನ ಸೆಂ.ಮೀ. ಬೇಕು, 110 × 6 ಪೈಪ್‌ನಲ್ಲಿ ಅಷ್ಟು ಸಿಗುತ್ತೆ.

50 ಸೆಂ.ಮೀ. ಆಳವೆಂದರೆ ಡೆಕ್ ತೂತಿನ ಅಂಚಿಗೆ 1.2 ಟನ್ ತಳ್ಳು. ಸ್ಟೇ ಇದ್ದಾಗ ಆ ಜಾಗಕ್ಕೆ ಈ ಕೆಲಸವೇ ಇರಲಿಲ್ಲ. ತೂತಿನ ಸುತ್ತ 18 ಮಿ.ಮೀ. ಮರೈನ್ ಪ್ಲೈ ಎರಡು ಪದರ ಎಪಾಕ್ಸಿಯಲ್ಲಿ ಕೂರಿಸಿ, ಅಡ್ಡತೊಲೆಗೂ ಬಿಗಿಯಿರಿ. ಅಲ್ಲಿವರೆಗೆ ಮಧ್ಯಾಹ್ನದ ವಾಯವ್ಯ ಗಾಳಿ 12 ನಾಟ್ ದಾಟುವ ಮೊದಲೇ ಎರಡು ಪ್ಯಾನೆಲ್ ಇಳಿಸಿ.

ಕಾರವಾರದ ಹುಟ್ಟು:
ಚುಕ್ಕಾಣಿ ಎಳೆತಕ್ಕೆ ಮೊದಲು ಅದರ ಹಲಗೆ ಪೂರ್ತಿ ಕೆಳಗಿದೆಯೇ ನೋಡಿ. ಹಿಂದಕ್ಕೆ ಓರೆಯಾಗಿದ್ದರೂ ಕೈಗೆ ಇದೇ ಭಾರ ಬರುತ್ತೆ. ಅದು ಸರಿಯಿದ್ದರೆ ಕಾರಣ ಜಿಬ್ ಹೋಗಿದ್ದು: ಗಾಳಿಯ ಒತ್ತಡಕೇಂದ್ರ ಹಿಂದೆ ಸರಿದಿದೆ. ಪ್ಯಾರಲ್ (ಹಾಯಿಯನ್ನು ಮಾಸ್ಟ್‌ಗೆ ಹಿಡಿದಿಡುವ ಹಗ್ಗ) ಸಡಿಲಿಸಿ ಇಡೀ ಹಾಯಿಯನ್ನು 24 ಸೆಂ.ಮೀ. ಮುಂದೆ ತಳ್ಳಿ, 20% ಆಗುತ್ತೆ. ಯಾರ್ಡ್‌ನಲ್ಲಿ ಹ್ಯಾಲಿಯರ್ಡ್ (ಹಾಯಿ ಏರಿಸುವ ಹಗ್ಗ) ಕಟ್ಟಿದ ಜಾಗವನ್ನು ಅಷ್ಟೇ ಹಿಂದಕ್ಕೆ ತರಲೇಬೇಕು, ಮರೆತರೆ ಯಾರ್ಡ್ ಓರೆಯಾಗುತ್ತೆ.

ಟ್ಯಾಕ್‌ಗೆ ಮುನ್ನ 5-10 ಡಿಗ್ರಿ ಗಾಳಿಯಿಂದ ದೂರ ತಿರುಗಿ ವೇಗ ತುಂಬಿಸಿ. ಚುಕ್ಕಾಣಿ ನಿಧಾನ, ಒಂದೇಟಿಗೆ ತಿರುಗಿಸಿದರೆ ಅದೇ ಬ್ರೇಕ್. ಮೂತಿ ಗಾಳಿ ದಾಟುವವರೆಗೆ ಶೀಟ್ (ಹಾಯಿ ಎಳೆದು ಹಿಡಿಯುವ ಹಗ್ಗ) ಬಿಗಿ ಇರಲಿ, ದಾಟಿದ ಮೇಲೆ ಸ್ವಲ್ಪ ಬಿಡಿ. ನಿಂತು ಹಿಂದೆ ಸರಿಯತೊಡಗಿದರೆ ಚುಕ್ಕಾಣಿ ಉಲ್ಟಾ.

ಸುಕ್ಕು ಬರುವುದು ಹಾಯಿಯ ಹಿಂಭಾಗ ಜೋತುಬಿದ್ದು. ಹಾಯಿ ಏರಿಸುವಾಗ ಯಾರ್ಡ್ ಪ್ಯಾರಲ್, ಹಾಯಿಯ ಮುಂದಂಚಿನ ಪ್ಯಾರಲ್ ಎರಡೂ ಪೂರ್ತಿ ಸಡಿಲ. ಏರಿದ ಮೇಲೆ ಮೊದಲು ಯಾರ್ಡ್ ಪ್ಯಾರಲ್, ಆಮೇಲೆ ಮುಂದಂಚಿನದು ಎಳೆದು ಸುಕ್ಕು ಹೋಗುವವರೆಗೆ ಬಿಗಿಯಿರಿ. ಪ್ರತಿ ಸಲ ಪ್ಯಾನೆಲ್ ಇಳಿಸಿದಾಗಲೂ ಇದೇ.

ಚಿಕಾಲಿಮ್ ದಕ್ಕೆ:
ಹೊಸ ಪೈಪ್ ಬದಲು ಇದರೊಳಗೇ ಇನ್ನೊಂದು ಪೈಪ್ ತೂರಿಸಬಹುದೇ ಸರ್?

ಜುವಾರಿ ಗಾಳಿ:
ಆಗುತ್ತೆ. ನಿಮ್ಮ ಒಳವ್ಯಾಸ 94. ಅದೇ ಮಿಶ್ರಲೋಹದ 92 × 5 ಪೈಪ್ ಸೇರಿಸಿದರೆ ಒಟ್ಟು ಸೆಕ್ಷನ್ ಮಾಡ್ಯುಲಸ್ 47 ಘನ ಸೆಂ.ಮೀ.ನಷ್ಟು ಬರುತ್ತೆ. ಬುಡದಿಂದ ಹಿಡಿದು ಡೆಕ್ ಮೇಲಿನ ಅರ್ಧ ಎತ್ತರದವರೆಗೆ ಇರಲಿ. 1 ಮಿ.ಮೀ. ಸಂದಿಯನ್ನು ಗ್ಲಾಸ್ ಬಟ್ಟೆ, ಎಪಾಕ್ಸಿ ಪಟ್ಟಿಗಳಿಂದ ತುಂಬಿ. ಒಳಪೈಪ್‌ನ ಮೇಲ್ತುದಿಯನ್ನು ನೇರ ಕೊಯ್ಯಬೇಡಿ, ಚೂಪು ಹಲ್ಲುಗಳಂತೆ ಸೀಳಿ. ಇಲ್ಲವಾದರೆ ಬಾಗುವ ಬಲವೆಲ್ಲ ಆ ಒಂದೇ ಗೆರೆಯಲ್ಲಿ ಸೇರಿ ಅಲ್ಲೇ ಮುರಿಯುತ್ತೆ. ಬುಡದಲ್ಲಿ ನೀರಿಳಿಯಲು 10 ಮಿ.ಮೀ. ತೂತು ಬಿಡಿ, ಸ್ಟೀಲ್ ಬೋಲ್ಟ್‌ಗಳಿಗೆ ನೈಲಾನ್ ವಾಷರ್ ಹಾಕಿ.