ಸೂರ್ಯಪಾನದ ಜೇನು ಹೆಪ್ಪುಗಟ್ಟೈತಿ, ಹೆಜ್ಜೇನು ಬಾಟ್ಲಿ ಬುಸ್ ಅಂತೈತಿ – ಯಾವ್ದು ಡೂಪ್ಲಿಕೇಟ್?

ಕುಷ್ಟಗಿ_ಹುಡುಗ
ನಮಸ್ಕಾರ್ರಿ ಎಲ್ಲಾರ್ಗೂ. ಮನ್ಯಾಗ ಎರಡು ಥರ ಜೇನು ಅದಾವ, ಎರಡೂ ಕಾಯಿಸದ ಹಸಿ ಜೇನು ಅಂತ ಹೇಳೇ ಕೊಟ್ಟಿದ್ದು. ಒಂದು ನಮ್ಮೂರ ಹೊರಗ ಸೂರ್ಯಪಾನದ ಹೊಲದಾಗ ಪೆಟ್ಟಿಗಿ ಇಟ್ಟಿದ್ರಲ್ಲ ಅವರ ಹತ್ರ ತಗೊಂಡಿದ್ದು, ಪ್ಲಾಸ್ಟಿಕ್ ಡಬ್ಬಿ. ತಂದಾಗ ಹಳದಿ ಬಣ್ಣ ಇತ್ತು, ಧಾರಿ ಹರೀತಿತ್ತು. ಈಗ ಥಂಡಿ ಶುರು ಆದಮ್ಯಾಲ ಬುಡದಿಂದ ಮುಕ್ಕಾಲು ಪಾಲು ಬೆಳ್ಳಗ ಹೆಪ್ಪುಗಟ್ಟೈತಿ, ಚಮಚಾ ಹಾಕಿದ್ರ ಚಮಚಾನ ಬಾಗ್ತೈತಿ, ಮ್ಯಾಲ ಒಂದು ಬೆರಳಷ್ಟು ತೆಳ್ಳಗಿಂದು ನಿಂತೈತಿ. ಇನ್ನೊಂದು ಸಂಡೂರು ಕಡಿ ಗುಡ್ಡದ ಹೆಜ್ಜೇನು ಅಂತ ಸಂತ್ಯಾಗ ಒಬ್ಬಾವ ಬೀರ್ ಬಾಟ್ಲಿಯಾಗ ತುಂಬಿ ಮಾರ್ತಿದ್ದ, ಅದು ಕಪ್ಪಗೈತಿ, ಗಟ್ಟಿ ಆಗಿಲ್ಲ, ಆದ್ರ ಬಿರಡಿ ತೆಗೆದ್ರ ಬುಸ್ ಅಂತ ಸೌಂಡ್ ಬರ್ತೈತಿ, ನೊರಿ ಉಕ್ಕತೈತಿ. ನಮ್ಮಪ್ಪ ಅಂತಾನ ಪೆಟ್ಟಿಗಿಯವ್ರು ಸಕ್ರಿ ಪಾಕ ಕೊಟ್ಟಾರ, ನೊರಿ ಬರೋದ ಒರಿಜಿನಲ್ಲು, ಅದರಾಗ ಪವರ್ ಐತಿ ಅಂತ. ಬೆಂಕಿಕಡ್ಡಿ ಟೆಸ್ಟೂ ಮಾಡಿದ್ವಿ, ಗಟ್ಟಿ ಆದದ್ದರಾಗ ಅದ್ದಿ ಗೀರಿದ್ರ ಹತ್ತಿತು, ಬಾಟ್ಲಿದ್ದರಾಗ ಅದ್ದಿದ್ದು ಹತ್ತಲಿಲ್ಲ. ಈಗ ತಲಿ ಕೆಟ್ಟೈತಿ. ಯಾವ್ದು ಒಗೀಲಿ?

ಪೆಟ್ಟಿಗಿ_ಜೇನು_ರಾಯಚೂರ
ಯಾವ್ದೂ ಒಗೀಬ್ಯಾಡ್ರಿ, ಮೊದಲು ಒಂದೆರಡು ಮಾತು ಹೇಳ್ರಿ. ಹೆಪ್ಪುಗಟ್ಟಿದ್ದನ್ನ ನಾಲಿಗಿ ಮ್ಯಾಲ ಇಟ್ರ ಕರಗತೈತೋ ಇಲ್ಲಾ ಸಕ್ರಿ ಹರಳು ಹಂಗ ಹಲ್ಲಿಗೆ ಸಿಗ್ತೈತೋ? ಮ್ಯಾಲಿನ ತೆಳುವಿಗೆ ಹುಳಿ ವಾಸ್ನಿ ಐತೇನು? ಡಬ್ಬಿ ಎಲ್ಲಿಟ್ಟಿದ್ರಿ, ಫ್ರಿಜ್ಜಿನಾಗ ಏನರ ಇಟ್ಟಿದ್ರೇನು?

ಕುಷ್ಟಗಿ_ಹುಡುಗ
ಸಣ್ಣ ಹರಳು ಅದಾವ್ರಿ, ಆದ್ರ ನಾಲಿಗಿ ಮ್ಯಾಲ ಕರಗತಾವ. ಹುಳಿ ವಾಸ್ನಿ ಇಲ್ಲ, ಹೂವಿನ ವಾಸ್ನಿನ ಐತಿ. ಡಬ್ಬಿ ಅಡಗಿ ಮನಿ ಕಪಾಟ್ನ್ಯಾಗ ಇತ್ತು, ನಡುವ ಅವ್ವ ಇರಿವಿ ಹತ್ತತಾವ ಅಂತ ಫ್ರಿಜ್ಜಿಗೆ ಹಾಕಿದ್ಲು. ಬಾಟ್ಲಿದು ಮಾತ್ರ ವಾಸ್ನಿ ಹುಳಿಹುಳಿ, ಸ್ವಲ್ಪ ಈಚಲ ಹೆಂಡ ಇದ್ದಂಗ.

ಪೆಟ್ಟಿಗಿ_ಜೇನು_ರಾಯಚೂರ
ಹಂಗಾದ್ರ ಉತ್ತರ ನಿಮ್ಮಪ್ಪಾರು ಹೇಳಿದ್ದಕ್ಕ ಪೂರಾ ಉಲ್ಟಾ. ಗಟ್ಟಿ ಆದದ್ದಕ್ಕ ಏನೂ ಆಗಿಲ್ಲ, ಕೆಟ್ಟಿರೋದು ಬಾಟ್ಲಿದು.

ಜೇನಿನಾಗ ಮುಖ್ಯ ಎರಡು ಸಕ್ರಿ ಇರ್ತಾವ, ಗ್ಲೂಕೋಸು ಫ್ರಕ್ಟೋಸು. ಗ್ಲೂಕೋಸು ನೀರಿನಾಗ ಅಷ್ಟು ಚಲೋ ಕರಗಂಗಿಲ್ಲ, ಅದು ಜಾಸ್ತಿ ಇರೋ ಹೂವಿನ ಜೇನು ಲಗೂನ ಹರಳುಗಟ್ಟತೈತಿ, ಸೂರ್ಯಪಾನ, ಸಾಸಿವಿ ಈ ಜಾತಿನ. ನಮ್ಮ ಕಡಿ ಪೆಟ್ಟಿಗಿ ಇಡೋರು ಸೂರ್ಯಪಾನ ಹೂ ಬಿಟ್ಟಾಗ ಹೊಲಕ್ಕ ಬರ್ತಾರ, ಹುಳ ಬಂದ್ರ ಹೊಲದವ್ರಿಗೂ ಕಾಳು ಗಟ್ಟಿ ಕಟ್ಟತೈತಿ, ಅದಕ್ಕ ಈ ಭಾಗದ ಪೆಟ್ಟಿಗಿ ಜೇನು ಗಟ್ಟಿ ಆಗೋದು ಭಾಳ ಮಾಮೂಲಿ. ಕಾಯಿಸದ, ಬರೇ ಬಟ್ಟ್ಯಾಗ ಸೋಸಿದ ಜೇನಿನಾಗ ಪರಾಗ, ಮೇಣದ ಚೂರು ಇರ್ತಾವ, ಹರಳು ಅವುಗಳ ಸುತ್ತ ಕಟ್ಕೊಂತ ಹೋಗ್ತೈತಿ. ಹತ್ತರಿಂದ ಹದಿನೈದು ಡಿಗ್ರಿ ಅದಕ್ಕ ಹೇಳಿ ಮಾಡಿಸಿದ ಥಂಡಿ, ಅಂದ್ರ ಈಗಿನ ಥಂಡಿ ಅದಕ್ಕ ಸಹಾಯ ಮಾಡೇತಿ. ಕೊಬ್ಬರಿ ಎಣ್ಣಿ ಥಂಡ್ಯಾಗ ಗಟ್ಟಿ ಆದ್ರ ಯಾರೂ ಕಲಬೆರಕಿ ಅನ್ನಂಗಿಲ್ಲ, ಜೇನಿಗೆ ಮಾತ್ರ ಆ ಅಪವಾದ. ಅಂಗಡಿ ಜೇನು ವರ್ಷಗಟ್ಟಲೆ ಹರೀತಿರೋದು ಅದು ಶುದ್ಧ ಅಂತಲ್ಲ, ಕಾಯಿಸಿ ಸಣ್ಣ ಫಿಲ್ಟರಿನಾಗ ಸೋಸಿರ್ತಾರ, ಅದಕ್ಕ.

ಮ್ಯಾಲಿನ ತೆಳು ಪದರ ಬಿಡಬ್ಯಾಡ್ರಿ. ಗ್ಲೂಕೋಸು ಹರಳಾಗಿ ಕೆಳಗ ಕುಂತಾಗ ಉಳಿದ ದ್ರವದಾಗ ನೀರಿನ ಪಾಲು ಜಾಸ್ತಿ ಆಗ್ತೈತಿ, ಹುಳಿ ಹಿಡಿಯೋದು ಅಲ್ಲಿಂದನ ಶುರು. ಒಣ ಚಮಚಾದಿಂದ ಪೂರಾ ಕಲಸಿ ಒಂದು ಮಾಡ್ರಿ, ಹಂಗ ಚಪಾತಿಗೆ ಹಚ್ಚಿ ತಿನ್ರಿ, ನನ್ನ ಕೇಳಿದ್ರ ಗಟ್ಟಿ ಜೇನೇ ರುಚಿ, ಮೈಮ್ಯಾಲ ಸುರಿಯಂಗಿಲ್ಲ.

ಕರಗಿಸಲೇಬೇಕು ಅಂದ್ರ ಚಮಚಾದಿಂದ ಬಾಯಿ ಅಗಲ ಇರೋ ಗಾಜಿನ ಡಬ್ಬಿಗೆ ತಕ್ಕೊಳ್ರಿ. ಪಾತೇಲಿಯಾಗ ನೀರು ಬೆಚ್ಚಗ ಮಾಡಿ ಒಲಿ ಆರಿಸ್ರಿ, ತಳಕ್ಕ ಒಂದು ಬಟ್ಟಿ ಹಾಸಿ ಡಬ್ಬಿ ಇಡ್ರಿ, ಬಿಟ್ಟಬಿಟ್ಟ ಕಲಸ್ರಿ, ನೀರು ಆರಿದ್ರ ಬದಲಿಸ್ರಿ. ಕೈ ಆರಾಮಾಗಿ ಇಡೋವಷ್ಟು ಬಿಸಿ ಸಾಕು, ನಲವತ್ತು ಡಿಗ್ರಿ ಆಜುಬಾಜು. ಅವಸರ ಮಾಡಿ ಕುದಿಸಿದ್ರ ಎಂಜೈಮು ಸಾಯ್ತಾವ, ಎಚ್‌ಎಮ್‌ಎಫ್ ಅನ್ನೋ, ಸಕ್ರಿ ಕಾಯ್ದಾಗ ಹುಟ್ಟೋ ರಾಸಾಯನಿಕ ಏರ್ತೈತಿ, ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಅದಕ್ಕ ಕೇಜಿಗೆ 80 ಮಿಲಿಗ್ರಾಂ ಮಿತಿ ಇಟ್ಟೈತಿ. ಮೈಕ್ರೋವೇವ್ ಬ್ಯಾಡೇ ಬ್ಯಾಡ, ಒಂದು ಕಡಿ ಸುಡ್ತೈತಿ ಒಂದು ಕಡಿ ಹಂಗ ಉಳೀತೈತಿ. ಎಪ್ರಿಲ್ ತನಕ ಕಾದ್ರ ನಮ್ಮ ಬಿಸಿಲೇ ಕರಗಿಸ್ತೈತಿ, ಆದ್ರ ಮಾಳಗಿ ಮ್ಯಾಲ ನೇರ ಬಿಸಿಲಿಗೆ ಇಡಬ್ಯಾಡ್ರಿ. ಕರಗಿಸಿದ್ರೂ ಮುಂದಿನ ಥಂಡಿಗೆ ಮತ್ತ ಗಟ್ಟಿ ಆಗ್ತೈತಿ, ಆವಾಗ ಮತ್ತ ಇಲ್ಲಿ ಪೋಸ್ಟ್ ಹಾಕಬ್ಯಾಡ್ರಿ ಮಾರಾಯ್ರ 😀

ಸಂಡೂರ್_ಗುಡ್ಡ
ಹೆಜ್ಜೇನಿನ ಬಗ್ಗೆ ನಾನ್ ಹೇಳ್ತೀನಿ, ನಮ್ಮ ಕಡೆ ಮಾಲು ಅದು. ಹೆಜ್ಜೇನು, ತುಡುವೆ ಜೇನು ಎರಡರಲ್ಲೂ ನೀರಿನಂಶ ಮೊದಲೇ ಜಾಸ್ತಿ, ಅದರ ಮೇಲೆ ಕೆಲವರು ಎರಿ ಪೂರ್ತಿ ಮೇಣ ಮುಚ್ಚೋಕೆ ಮುಂಚೇನೆ ಇಳಿಸ್ತಾರೆ, ಮರಿ ಇರೋ ಎರೀನೂ ಸೇರಿಸಿ ಕೈಯಲ್ಲಿ ಹಿಂಡ್ತಾರೆ, ಪರಾಗ ಮರಿ ರಸ ಎಲ್ಲಾ ಒಂದೇ ಬಕೆಟ್‌ಗೆ ಬೀಳ್ತದೆ. ಎಫ್‌ಎಸ್‌ಎಸ್‌ಎಐ ಪ್ರಕಾರ ನೀರಿನಂಶ ಶೇ 20 ದಾಟಬಾರದು, ಅದಕ್ಕಿಂತ ಜಾಸ್ತಿ ಇದ್ರೆ ಜೇನಿನಲ್ಲಿ ಮೊದಲಿಂದ ಇರೋ ಯೀಸ್ಟು ಎದ್ದು ಕೂತ್ಕೊಳ್ತದೆ, ಬುಸ್ ಅನ್ನೋದು ಅದೇ ಗ್ಯಾಸು. ಪವರ್ ಅಲ್ಲ ಗುರು, ಹೆಂಡ ಆಗೋ ದಾರೀಲಿದೆ. ನಿಮ್ಮ ಬೆಂಕಿಕಡ್ಡಿ ಹತ್ತದೇ ಇರೋದೂ ನೀರಿಂದಾನೇ. ಆದ್ರೆ ಹತ್ತಿದ ಮಾತ್ರಕ್ಕೆ ಶುದ್ಧ ಅಂತಾನೂ ಅಲ್ಲ, ಗಟ್ಟಿ ಪಾಕ ಮಾಡಿಟ್ರೂ ಕಡ್ಡಿ ಹತ್ತೇ ಹತ್ತುತ್ತೆ.

ಒಂದು ಮಾತು, ಅದನ್ನ ಬಿಗಿ ಮುಚ್ಚಿ ಇಡಬೇಡಿ, ಗ್ಯಾಸ್ ತುಂಬಿ ಗಾಜು ಒಡೀಬಹುದು. ಮುಖದಿಂದ ದೂರ ಹಿಡಿದು ತೆಗೀರಿ.

ಕುಷ್ಟಗಿ_ಹುಡುಗ
ಅಯ್ಯೋ ಅಪ್ಪ ದಿನಾ ಮುಂಜಾನೆ ಒಂದು ಚಮಚಾ ಅದನ್ನ ತಿಂತಿದ್ದ್ರಿ!! ಏನರ ಆಗ್ತೈತೇನು? ಮತ್ತ ನೀರಿನ ಗ್ಲಾಸಿನಾಗ ಹಾಕಿದ್ರ ಕರಗದಂಗ ಬುಡಕ್ಕ ಹೋಗಬೇಕು ಅಂತಾರಲ್ಲ, ನಾಯಿ ತಿನ್ನಂಗಿಲ್ಲ ಅಂತಾರ, ಅವು ಖರೇನೋ?

ಪೆಟ್ಟಿಗಿ_ಜೇನು_ರಾಯಚೂರ
ಹುಳಿ ಆದದ್ದು ವಿಷ ಅಲ್ಲ, ಹೆದರಬ್ಯಾಡ್ರಿ. ಮ್ಯಾಲ ಬೂಷ್ಟು ಬಂದಿದ್ರ, ಕೊಳತ ವಾಸ್ನಿ ಬಂದಿದ್ರ ಮಾತ್ರ ಚೆಲ್ರಿ. ಇಲ್ಲಾಂದ್ರ ಫ್ರಿಜ್ಜಿನಾಗ ಇಟ್ಟು ಅಡಗಿಗೆ ಹಾಕಿ ಲಗೂನ ಮುಗಿಸ್ರಿ. ಕಾಯಿಸಿ ಯೀಸ್ಟು ಸಾಯಿಸಬಹುದು, ಆದ್ರ ಹುಳಿ ಹೋಗಂಗಿಲ್ಲ, ಮತ್ತ ಅದು ಹಸಿ ಜೇನೂ ಉಳಿಯಂಗಿಲ್ಲ.

ಟೆಸ್ಟಿನ ಮಾತು ಬಿಟ್ಟಬಿಡ್ರಿ. ನೀರಿನಾಗ ಬುಡಕ್ಕ ಹೋಗೋದು ದಪ್ಪ ಇರೋದಕ್ಕ, ಬೆಲ್ಲದ ಆಣ ಹಾಕಿದ್ರೂ ಹೋಗ್ತೈತಿ. ನಾಯಿ, ಇರಿವಿ ಇವ್ರೆಲ್ಲ ಲ್ಯಾಬ್ ಓದಿಲ್ಲ. 2020ರ ಡಿಸೆಂಬರ್‌ನ್ಯಾಗ ಪರಿಸರದ ಬಗ್ಗೆ ಸಂಶೋಧನೆ ಮಾಡೋ ದಿಲ್ಲಿಯ ಸಿಎಸ್‌ಇ ಸಂಸ್ಥೆ ಬಯಲಿಗೆ ತಂದದ್ದೇ ಅದು, ಕೆಲವು ಸಿರಪ್ ಬೆರೆಸಿದ ಜೇನು ಲ್ಯಾಬಿನ ಮಾಮೂಲಿ ಪರೀಕ್ಷಿಗೂ ಸಿಗಂಗಿಲ್ಲ, ಎನ್‌ಎಮ್‌ಆರ್ ಥರದ ದೊಡ್ಡ ಮಷಿನ್ ಬೇಕು. ಲ್ಯಾಬಿಗೇ ಯಾಮಾರಿಸೋ ಮಾಲು ನಮ್ಮ ಬೆಂಕಿಪೊಟ್ಟಣಕ್ಕ ಸಿಗ್ತೈತೇನು?

ಅದಕ್ಕ ಜೇನು ಪರೀಕ್ಷಾ ಮಾಡೋದಕ್ಕಿಂತ ಮಾರಾವನ್ನ ಪ್ರಶ್ನಾ ಮಾಡ್ರಿ. ಯಾವ ಹೂವಿಂದು, ಯಾವ ತಿಂಗಳು ತೆಗೆದದ್ದು, ಎರಿ ಮೇಣ ಮುಚ್ಚಿತ್ತೋ ಇಲ್ಲೋ, ಹುಳಕ್ಕ ಸಕ್ರಿ ನೀರು ಯಾವಾಗ ಕೊಟ್ಟಿದ್ರಿ. ಹೂ ಇಲ್ಲದ ಕಾಲದಾಗ ಹುಳ ಉಳೀಲಿ ಅಂತ ಭಾಳ ಮಂದಿ ಪೆಟ್ಟಿಗಿಯವ್ರು ಸಕ್ರಿ ಕೊಡ್ತಾರ, ಅದು ತಪ್ಪಲ್ಲ, ಜೇನು ತೆಗಿಯೋ ಸೀಜನ್ನಿನಾಗ ಕೊಟ್ರ ಮೋಸ. ಸರಿಯಾದಾವ ಇದನ್ನ ಮುಚ್ಚುಮರಿ ಇಲ್ದ ಹೇಳ್ತಾನ. ರಿಫ್ರ್ಯಾಕ್ಟೋಮೀಟರ್ ಅಂತ ಕೈಯಾಗ ಹಿಡಿಯೋ ಸಣ್ಣ ದುರ್ಬೀನ್ ಥರದ್ದು ಇರ್ತೈತಿ, ಗಾಜಿನ ಮ್ಯಾಲ ಒಂದು ಹನಿ ಇಟ್ಟು ಬೆಳಕಿಗೆ ಹಿಡಿದ್ರ ನೀರು ಎಷ್ಟು ಪರ್ಸೆಂಟ್ ಅಂತ ಗೆರಿ ಕಾಣತೈತಿ, ಅವನ ಹತ್ರ ಇದ್ರ ತೋರ್ಸು ಅನ್ರಿ.

ಮತ್ತ ಲೀಟರಿಗೂ ಕೇಜಿಗೂ ಫರಕು ನೋಡ್ಕೊಳ್ರಿ. ಒಂದು ಲೀಟರ್ ಜೇನು ಸುಮಾರು ಒಂದು ಕೇಜಿ ನಾನೂರು ಗ್ರಾಂ ತೂಗತೈತಿ. ನಿಮ್ಮ 650 ಎಮ್ಮೆಲ್ ಬೀರ್ ಬಾಟ್ಲಿ ತುಂಬಿದ್ರ ಒಂಬೈನೂರು ಗ್ರಾಂ ಆಜುಬಾಜು, ಅದನ್ನ ಕೇಜಿ ಅಂತ ಮಾರ್ತಾರ.

ಸಿಂಧನೂರ_ಅಕ್ಕ
ನಡುವ ಬರಾಕತ್ತೀನಿ ಕ್ಷಮಿಸ್ರಿ ಅಣ್ಣಾರ. ನಮ್ಮತ್ತಿ ಐದು ತಿಂಗಳ ಕೂಸಿಗೆ ಬಜಿ ತೇಯ್ದು ಜೇನಿನಾಗ ಕಲಸಿ ನೆಕ್ಕಸ್ತಾರ. ಹಸಿ ಜೇನು ಛಲೋ ಅಂತ ಇದನ್ನೇ ಹುಡಕಾಕತ್ತಾರ. ಕೊಡಬಹುದೇನ್ರಿ?

ಪೆಟ್ಟಿಗಿ_ಜೇನು_ರಾಯಚೂರ
ಬ್ಯಾಡ ಅಕ್ಕಾರ. ವರ್ಷ ತುಂಬೋತನಕ ಯಾವ ಜೇನೂ ಬ್ಯಾಡ, ಹಸೀದೂ ಬ್ಯಾಡ ಅಂಗಡೀದೂ ಬ್ಯಾಡ, ಬೆರಳ ತುದಿಗೆ ಹಚ್ಚಿದ ಹನೀನೂ ಬ್ಯಾಡ. ಜೇನಿನಾಗ ಬಾಟ್ಯುಲಿಸಮ್ ಅನ್ನೋ, ಕೈಕಾಲು ಸೋಲಿಸೋ ರೋಗ ತರೋ ಸೂಕ್ಷ್ಮಜೀವಿಯ ಬೀಜ ಇರಬಹುದು, ದೊಡ್ಡವ್ರ ಹೊಟ್ಟ್ಯಾಗ ಅದು ಬೆಳೆಯಂಗಿಲ್ಲ, ಕೂಸಿನ ಕರಳಿನಾಗ ಬೆಳೆದು ವಿಷ ಬಿಡ್ತೈತಿ. ಮನ್ಯಾಗ ಕಾಯಿಸಿದ್ರೂ ಆ ಬೀಜ ಸಾಯಂಗಿಲ್ಲ. ಕೂಸಿಗೆ ಏಕಾಏಕಿ ಮಲ ಕಟ್ಟೋದು, ಹಾಲು ಚೀಪಾಕ ಶಕ್ತಿ ಇಲ್ಲದಂಗ ಆಗೋದು, ಅಳೋ ಧ್ವನಿ ಸಣ್ಣ ಆಗೋದು, ಕತ್ತು ಕೈಕಾಲು ಸಡಿಲ ಬೀಳೋದು ಕಂಡ್ರ ಕಾಯಬ್ಯಾಡ್ರಿ, ಸೀದಾ ದವಾಖಾನಿಗೆ ಹೋಗಿ ಜೇನು ಕೊಟ್ಟಿದ್ವಿ ಅಂತ ಬಾಯಿಬಿಟ್ಟು ಹೇಳ್ರಿ. ಅತ್ತ್ಯಾರಿಗೆ ನಿಮ್ಮ ಮಾತು ಹಿಡಸಲಿಲ್ಲ ಅಂದ್ರ ಲಸಿಕಿ ಹಾಕಸಾಕ ಹೋದಾಗ ಡಾಕ್ಟರ್ ಬಾಯಿಂದ ಹೇಳಸ್ರಿ, ಅವ್ರ ಮಾತು ನಡೀತೈತಿ.

ಸಿಂಧನೂರ_ಅಕ್ಕ
ಇವತ್ತ ಬಿಡಿಸ್ತೀನ್ರಿ. ಮಾವಾರಿಗೆ ಶುಗರ್ ಐತಿ, ಸಕ್ರಿ ಬದ್ಲಿ ಜೇನು ಅಂತ ಚಾದಾಗ ಹಾಕ್ಕೊಂತಾರ, ಅದು ನಡೀತೈತಲ್ಲ?

ಸಂಡೂರ್_ಗುಡ್ಡ
ಅಕ್ಕ ಅದೂ ಸಕ್ಕರೇನೇ. ಜೇನಲ್ಲಿ ಸುಮಾರು ಶೇ 80 ಸಕ್ಕರೆ ಅಂಶಾನೇ ಇರೋದು, ಶುಗರ್ ಏರುತ್ತೆ. ಒಂದು ದೊಡ್ಡ ಚಮಚಕ್ಕೆ ಅರವತ್ತು ಕ್ಯಾಲರಿ ಮೇಲೆ ಬರ್ತದೆ. ಕುದಿಯೋ ಚಾಗೆ ಹಾಕಿದ್ರೆ ಹಸಿ ಜೇನು ಅಂತ ದುಡ್ಡು ಜಾಸ್ತಿ ಕೊಟ್ಟಿದ್ದೂ ವೇಸ್ಟು.

ಕುಷ್ಟಗಿ_ಹುಡುಗ
ಅಪ್ಡೇಟ್: ಗಟ್ಟಿ ಆದದ್ದನ್ನ ಅರ್ಧ ಬೆಚ್ಚನ್ನ ನೀರಿನಾಗ ಇಟ್ಟು ಕರಗಿಸಿದ್ವಿ, ಮದ್ಯಾಹ್ನ ಇಟ್ಟಿದ್ದು ಸಂಜಿಗೆ ಪೂರಾ ತಿಳಿ ಆತು, ಅದೇ ಹಳದಿ ಬಣ್ಣ. ಅಪ್ಪ ನೋಡಿ ಸಕ್ರಿ ಕರಗಿಸಿದ್ರೂ ಹೀಂಗ ಕಾಣತೈತಿ ಅಂದ, ಅವನ್ನ ಒಪ್ಸಾಕ ಆಗಂಗಿಲ್ರಿ. ಉಳಿದರ್ಧ ಅವ್ವ ಹಂಗ ಇಡು ಅಂದ್ಲು, ಚಪಾತಿಗೆ ಆಗ್ತೈತಂತ. ಸ್ಟೀಲ್ ಚಮಚಾ ಮುಟ್ಟಿಸಬಾರದಂತ ಹೌದೇನ್ರಿ? ಡಬ್ಬಿ ಗ್ವಾಡಿಗೆ ಹತ್ತಿದ್ದನ್ನ ನೀರು ಹಾಕಿ ತೊಳೆದು ಅದರಾಗೇ ಸೇರಿಸಲೇನು?

ಪೆಟ್ಟಿಗಿ_ಜೇನು_ರಾಯಚೂರ
ಸ್ಟೀಲ್ ಚಮಚಾಕ್ಕ ಏನೂ ಆಗಂಗಿಲ್ಲ, ಒಣಗಿರ್ಲಿ ಅಷ್ಟ. ಕಬ್ಬಿಣದ ಡಬ್ಬಿ, ತಗಡಿನ ಡಬ್ಬಿಯಾಗ ತಿಂಗಳುಗಟ್ಟಲೆ ಇಡಬಾರದು, ಜೇನು ಹುಳಿ ಗುಣದ್ದು, ಲೋಹ ತಿಂತೈತಿ. ಗಾಜು ಬೆಸ್ಟು. ಮುಚ್ಚಳ ಬಿಗಿ ಇರ್ಲಿ, ಜೇನು ಗಾಳಿಯಾಗಿನ ತ್ಯಾವ ಎಳಕೊಂತೈತಿ, ಮಳಿಗಾಲದಾಗ ತೆರೆದಿಟ್ರ ನಿಮ್ಮ ಬಾಟ್ಲಿ ಗತಿನ ಆಗೋದು. ಗ್ವಾಡಿಗೆ ಹತ್ತಿದ್ದಕ್ಕ ನೀರು ಹಾಕಿದ್ರ ಅದನ್ನ ವಾಪಸ್ ಜೇನಿಗೆ ಸೇರಿಸಬ್ಯಾಡ್ರಿ, ಒಂದು ನಿಂಬಿಹಣ್ಣು ಹಿಂಡಿ ಆವಾಗಿಂದಾವಾಗ್ಲೇ ಶರಬತ್ತು ಮಾಡಿ ಕುಡೀರಿ.