ಕೀವ್ ಬರೆಯಬೇಕೋ, ಕಿಯೆವ್ ಬರೆಯಬೇಕೋ?

ಪ್ರಶ್ನೆ: ಸುದ್ದಿಸಂಸ್ಥೆಗಳ (ಏಜೆನ್ಸಿ) ಸುದ್ದಿಯನ್ನು ಕನ್ನಡಕ್ಕೆ ತರುವಾಗ ಉಕ್ರೇನ್ ರಾಜಧಾನಿಯನ್ನು ಹೇಗೆ ಬರೆಯುತ್ತೀರಿ? ಓದುಗರಿಗೆ ಇದರಿಂದ ವ್ಯತ್ಯಾಸವಾಗುತ್ತದೆಯೇ?

ಉತ್ತರ 1: ಕೀವ್. ಕಿಯೆವ್ ಎಂಬುದು ರಷ್ಯನ್ ರೂಪದಿಂದ ಬಂದದ್ದು. ಹಾಗೆ ಬರೆದರೆ ಮಾಸ್ಕೋದ ಕಣ್ಣಲ್ಲಿ ನೋಡಿದಂತೆ. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2019ರ ಆಗಸ್ಟ್‌ನಲ್ಲೇ ಕೀವ್‌ಗೆ ಬದಲಿಸಿಕೊಂಡಿತು. ಹಳೆಯ ಸುದ್ದಿ ಹುಡುಕುವಾಗ ಮಾತ್ರ ಎರಡೂ ಕಾಗುಣಿತ ಹಾಕಿ.

ಉತ್ತರ 2: ಹೆಸರಿಗಿಂತ ಕ್ರಿಯಾಪದ ನೋಡಿ ಸ್ವಾಮಿ. ‘ದಾಳಿ: 12 ಸಾವು’ ಎಂದರೆ ಹೊಡೆದವರೇ ಮಾಯ. ಕನ್ನಡದಲ್ಲಿ ಕರ್ತೃ ಬಿಟ್ಟರೂ ವಾಕ್ಯ ಸಲೀಸಾಗಿ ನಿಲ್ಲುತ್ತದೆ, ಹಾಗಾಗಿ ಸುದ್ದಿ ಡೆಸ್ಕ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ದಾಳಿಕೋರರು ಖಚಿತವಿದ್ದರೆ ಶೀರ್ಷಿಕೆಯಲ್ಲೇ ಹೆಸರಿಸಿ. ಇಲ್ಲವೇ ‘ಎಂದು ಇಂಥವರ ಹೇಳಿಕೆ’ ಸೇರಿಸಿ.

ಉತ್ತರ 3: ‘ರೆಜೀಮ್’ (ಆಡಳಿತ ಎಂಬುದಕ್ಕೆ ತುಸು ಹೀನಾಯದ ಇಂಗ್ಲಿಷ್ ಪದ) ಕೂಡ ಹಾಗೆಯೇ. ಮಿತ್ರರಿಗೆ ‘ಸರ್ಕಾರ’, ಆಗದವರಿಗೆ ‘ರೆಜೀಮ್’. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, ಆ ಆಡಳಿತವನ್ನು ‘ಸೇನಾಡಳಿತ’ ಎಂದರೆ ಬೈಗುಳವಲ್ಲ, ವಿವರಣೆ.